ಉಕ್ಕಿನ ತಟ್ಟೆಗೆ ಒಪ್ಪುವ ಪಿಸ್ತೂಲು

ಜಲ್ಲಿಕಲ್ಲಿನ ನಡುವೆ ಬಿದ್ದಿದ್ದ, ಹಾರದೇ ಉಳಿದ ತೋಟಾವೊಂದನ್ನು ಹೆಕ್ಕಿ ಅಂಗೈಯಲ್ಲಿಟ್ಟುಕೊಂಡು ನೋಡಿದೆ. ಅದರ ಹಿತ್ತಾಳೆಯ ಅಂಚಿನಲ್ಲಿ ಉಗುರಿನಿಂದ ಒತ್ತಿದಷ್ಟೇ ಆಳದ ಒಂದು ಗುರುತಿತ್ತು. ಪಕ್ಕದಲ್ಲೇ ಬಿದ್ದಿದ್ದ ಇನ್ನೊಂದರಲ್ಲಿ ಗುರುತು ಸಾಕಷ್ಟು ಆಳವಾಗಿದ್ದರೂ ಅದೂ ಹಾರಿರಲಿಲ್ಲ. ಆ ಶನಿವಾರದ ಸ್ಪರ್ಧೆಯಲ್ಲಿ ನನ್ನ ಲೆಕ್ಕವನ್ನೆಲ್ಲ ಕೆಡಿಸಿದ್ದು ಇಂಥ ಏಳು ತೋಟಾಗಳು.

ನಾನು ಕೊಡಗಿನ ವಿರಾಜಪೇಟೆ ಕಡೆಯವನು, ಟೆಕ್ಸಾಸಿಗೆ ಬಂದು ಹದಿನಾರು ವರ್ಷಗಳಾದವು. ಕೈಲ್‌ಪೊಳ್ದ್ ಹಬ್ಬದ ದಿನ ಕೋವಿಯ ನಳಿಕೆಗೆ ತೋಕ್ ಪೂ ಎಂಬ ಹೂವನ್ನು ಸಿಕ್ಕಿಸಿ ಪೂಜೆ ಮಾಡುವುದನ್ನೂ, ಮಧ್ಯಾಹ್ನದ ಮೇಲೆ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಯನ್ನೂ ನೋಡುತ್ತ ಬೆಳೆದವನಾದ್ದರಿಂದ, ಗುರಿಯಾಟ ನನಗೆ ಹೊಸದಾಗಿರಲಿಲ್ಲ. ಆದರೆ ತಾತ್ಕಾಲಿಕ ವೀಸಾದ ಮೇಲಿರುವವರು ಅಮೆರಿಕದಲ್ಲಿ ಸಾಮಾನ್ಯವಾಗಿ ಬಂದೂಕು ಇಟ್ಟುಕೊಳ್ಳುವಂತಿಲ್ಲವಾದ್ದರಿಂದ, ಗ್ರೀನ್ ಕಾರ್ಡ್ ಕೈಗೆ ಬರುವವರೆಗೆ ಆ ಆಸೆಯನ್ನು ಬದಿಗಿಟ್ಟಿದ್ದೆ. ಅದು ಬಂದ ಮೇಲೆ ಮೊದಲು ಕಣ್ಣಿಗೆ ಬಿದ್ದ ಆಟ ಸ್ಟೀಲ್ ಚಾಲೆಂಜ್.

1981ರಲ್ಲಿ ಮೈಕ್ ಡಾಲ್ಟನ್ ಮತ್ತು ಮೈಕ್ ಫಿಚ್‌ಮನ್ ಎಂಬಿಬ್ಬರು ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಆರಂಭಿಸಿದ ಈ ಆಟದ ಕಟ್ಟು ಬಹಳ ಸರಳವಾದುದು. ಸ್ಟೇಜ್ ಎಂದು ಕರೆಯುವ ಎಂಟು ಸುತ್ತುಗಳಿದ್ದು, ಪ್ರತಿ ಸ್ಟೇಜಿನಲ್ಲೂ ಬಿಳಿ ಬಣ್ಣ ಬಳಿದ ಐದು ಉಕ್ಕಿನ ತಟ್ಟೆಗಳು ನಿಂತಿರುತ್ತವೆ. ನಾಲ್ಕನ್ನು ಯಾವ ಕ್ರಮದಲ್ಲಾದರೂ ಹೊಡೆದು, ಸ್ಟಾಪ್ ಪ್ಲೇಟ್ ಎನ್ನುವ ಐದನೆಯದನ್ನು ಕೊನೆಯಲ್ಲಿ ಹೊಡೆದಾಗ ಗಡಿಯಾರ ನಿಲ್ಲುತ್ತದೆ. ತಪ್ಪಿದ ಪ್ರತಿ ತಟ್ಟೆಗೂ ಮೂರು ಸೆಕೆಂಡಿನ ದಂಡವಿದೆ. ಹೀಗೆ ಐದು ಸಲ ಹೊಡೆದ ಮೇಲೆ ಅತಿ ಕೆಟ್ಟದ್ದೊಂದನ್ನು ಬಿಟ್ಟು ಉಳಿದ ನಾಲ್ಕರ ಸಮಯವನ್ನು ಕೂಡಿಸುತ್ತಾರೆ. ಜಾಗ ಬದಲಿಸುತ್ತ ಹೊಡೆಯಬೇಕಾದ ಔಟರ್ ಲಿಮಿಟ್ಸ್ ಎಂಬ ಸ್ಟೇಜಿನಲ್ಲಿ ಮಾತ್ರ ನಾಲ್ಕರಲ್ಲಿ ಮೂರು. ಎಂಟೂ ಸ್ಟೇಜುಗಳನ್ನು ಆಡುವವನು ಒಂದು ಗುಂಡೂ ತಪ್ಪದಿದ್ದರೂ 195 ತೋಟಾಗಳನ್ನು ಸುಡಬೇಕಾಗುತ್ತದೆ. ಪಾಯಿಂಟ್ ಟೂ ಟೂ ರಿಮ್‌ಫೈರ್ ಎಂಬ ಸಣ್ಣ ತೋಟಾದ ವಿಭಾಗಕ್ಕೆ ಜನ ಸೇರುವುದಕ್ಕೆ ತೋಟಾ ಅಗ್ಗವಾಗಿರುವುದು ಒಂದು ಕಾರಣವಾದರೆ, ಈ ವಿಭಾಗದಲ್ಲಿ ಸೊಂಟದ ಒರೆಯಿಂದ ಪಿಸ್ತೂಲು ಸೆಳೆಯಬೇಕಾಗಿಲ್ಲದಿರುವುದು ಇನ್ನೊಂದು ಕಾರಣ. ಮುಂದೆ ನೆಲದಲ್ಲಿ ನೆಟ್ಟ ಗುರುತಿನ ಕಡೆ ನಳಿಕೆ ತಗ್ಗಿಸಿ ನಿಂತು, ಬೀಪ್ ಸದ್ದಾದೊಡನೆ ಎತ್ತಿದರಾಯಿತು.

ಆ ಶನಿವಾರ ನನ್ನ ಕೈಯಲ್ಲಿದ್ದುದು ಎರವಲು ತಂದ ಒಂದು ಹಳೆಯ ಪಿಸ್ತೂಲು, ಚೀಲದಲ್ಲಿದ್ದುದು ಅಗ್ಗಕ್ಕೆ ಕೊಂಡ ಒಂದು ದೊಡ್ಡ ಡಬ್ಬಿ ತೋಟಾ. ಮೊದಲ ಸ್ಟೇಜಿನ ಎರಡನೆಯ ಸಲಕ್ಕೆ ಮೂರನೆಯ ತಟ್ಟೆಯ ಮೇಲೆ ಗುರಿಯಿಟ್ಟು ಟ್ರಿಗರ್ ಎಳೆದರೆ, ಗುಂಡಿನ ಬದಲು ಬರೀ ಕ್ಲಿಕ್ ಎಂಬ ಸದ್ದು ಬಂತು. ಹಿಂದಕ್ಕೆಳೆದು ಆ ತೋಟಾವನ್ನು ಚಿಮ್ಮಿಸಿ ಮುಂದುವರಿಸುವಷ್ಟರಲ್ಲಿ, ಮೂರೂವರೆಯಲ್ಲಿ ಮುಗಿಯಬೇಕಾದ ಸರದಿ ಎಂಟು ಸೆಕೆಂಡು ದಾಟಿತ್ತು. ಅದನ್ನು ನಿಯಮವೇ ಕೈಬಿಟ್ಟಿತು. ಆದರೆ ಅದೇ ಸ್ಟೇಜಿನ ನಾಲ್ಕನೆಯ ಸಲಕ್ಕೆ ಮತ್ತೆ ಹಾಗೆಯೇ ಆಯಿತು. ಅದು ಲೆಕ್ಕಕ್ಕೆ ಸೇರಿತು. ಆಮೇಲಿನ ಪ್ರತಿ ಬೀಪಿಗೂ ನನ್ನ ಮನಸ್ಸು ತಟ್ಟೆಯನ್ನು ಬಿಟ್ಟು ಆ ಸದ್ದನ್ನೇ ಕಾಯುತ್ತಿತ್ತು. ಕಳೆದುಹೋದ ಸೆಕೆಂಡುಗಳಿಗಿಂತ ನನಗೆ ಹೆಚ್ಚು ನೋವಾದದ್ದು ಇದರಿಂದ.

ಕ್ಲಬ್ಬಿನ ಹಿರಿಯರೊಬ್ಬರು ಆ ಎರಡು ತೋಟಾಗಳನ್ನು ಬೆರಳಲ್ಲಿ ಹಿಡಿದು ವಿಷಯವನ್ನು ಬಿಡಿಸಿ ಹೇಳಿದರು. ದೊಡ್ಡ ತೋಟಾಗಳ ತಳದ ನಡುವೆ ಬೇರೆಯಾಗಿ ಕೂರಿಸಿದ ಪ್ರೈಮರ್ ಇರುತ್ತದೆ. ರಿಮ್‌ಫೈರಿನಲ್ಲಿ ಕಿಡಿ ಕೊಡುವ ಮದ್ದು ತಳದ ಮಡಿಕೆಯಂಚಿನ ಒಳಸುತ್ತಿನಲ್ಲಿ ಹರಡಿರುತ್ತದೆ, ಸೂಜಿ ಹೊಡೆಯುವುದು ಆ ಅಂಚಿಗೇ. ಗುರುತು ಆಳವಿಲ್ಲದಿದ್ದರೆ ಪಿಸ್ತೂಲಿನ ಸ್ಪ್ರಿಂಗ್ ಸೋತಿರಬಹುದು, ಇಲ್ಲವೇ ಒಳಗೆ ಮಸಿ ಕಟ್ಟಿರಬಹುದು. ಗುರುತು ಆಳವಾಗಿದ್ದೂ ಹಾರದಿದ್ದರೆ ಆ ಜಾಗಕ್ಕೆ ಮದ್ದು ಹರಡಿಲ್ಲವೆಂದು ಅರ್ಥ. ಅವರು ಆಳ ಗುರುತಿನ ತೋಟಾವನ್ನು ಅರ್ಧ ಸುತ್ತು ತಿರುಗಿಸಿ ಮತ್ತೆ ಒಳಗಿಟ್ಟು ಹೊಡೆದರು. ತಟ್ಟೆ ಟಣ್ ಎಂದಿತು. ನನ್ನಲ್ಲಿ ಪಿಸ್ತೂಲಿನ ದೋಷವೂ ತೋಟಾದ ದೋಷವೂ ಒಟ್ಟಿಗೇ ಇದ್ದವು.

ನಮ್ಮ ಅಪ್ಪ ಮಳೆಗಾಲಕ್ಕೆ ಮೊದಲು ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿ ಅಕ್ಕಿ ಸುರಿದು, ಅದರ ನಡುವೆ ಕಾಗದದ ಕವಚದ ತೋಟಾಗಳನ್ನು ಹೂತಿಡುತ್ತಿದ್ದರು. ಕೊಡಗಿನ ಮಳೆಯ ತೇವಕ್ಕೆ ಕಾಗದ ಉಬ್ಬಿದರೆ ತೋಟಾ ನಳಿಕೆಗೆ ಇಳಿಯುವುದಿಲ್ಲ. ‘ಕೋವಿ ನೋಡುವ ಮೊದಲು ತೋಟಾ ನೋಡು’ ಎನ್ನುವುದು ಅವರ ಮಾತು. ಅಷ್ಟು ವರ್ಷ ಆ ಮಾತು ಕೇಳಿ ಬೆಳೆದ ನಾನು ಇಲ್ಲಿ ಮಾತ್ರ ಡಬ್ಬಿಯ ಬೆಲೆಯನ್ನಷ್ಟೇ ನೋಡಿದ್ದೆ.

ಮುಂದಿನ ಭಾನುವಾರ ಅಭ್ಯಾಸಕ್ಕೆ ಹೋದಾಗ ಆ ಹಿರಿಯರು ತಮ್ಮ ಮೂರು ಪಿಸ್ತೂಲುಗಳನ್ನು ಮೇಜಿನ ಮೇಲೆ ಹರಡಿದರು. ನನ್ನ ಹದಿನೈದರ ಮಗಳೂ ಜೊತೆಗಿದ್ದಳು. ಹದಿನೆಂಟು ತುಂಬದವರು ಗುರಿ ಅಭ್ಯಾಸಕ್ಕೆ ಪಿಸ್ತೂಲು ಹಿಡಿಯಲು ಹೆತ್ತವರ ಲಿಖಿತ ಒಪ್ಪಿಗೆ ಬೇಕೆಂಬ ಕಾನೂನಿರುವುದರಿಂದ, ನಾನು ಪಕ್ಕದಲ್ಲೇ ಇದ್ದರೂ ಸಹಿ ಮಾಡಿದ ಚೀಟಿ ಅವಳ ಜೇಬಿನಲ್ಲಿತ್ತು. ಹಿರಿಯರು ಮೊದಲು ಮಾಡಿಸಿದ ಪರೀಕ್ಷೆಗೆ ತೋಟಾವೇ ಬೇಕಿರಲಿಲ್ಲ. ಖಾಲಿ ಪಿಸ್ತೂಲನ್ನು ತಗ್ಗಿಸಿ ಹಿಡಿದು, ಒಂದು ತಟ್ಟೆಯನ್ನು ನೋಡಿ, ಕಣ್ಣು ಮುಚ್ಚಿ ಎತ್ತಿ, ಆಮೇಲೆ ಕಣ್ಣು ತೆರೆದು ನಳಿಕೆ ಎಲ್ಲಿ ನೋಡುತ್ತಿದೆಯೆಂದು ಕಾಣಬೇಕು. ಹಳೆಯ ಲ್ಯೂಗರ್ ಪಿಸ್ತೂಲಿನಂತೆ ಹಿಡಿ ಬಹಳ ಓರೆಯಾಗಿರುವ ರೂಗರ್ ಮಾರ್ಕ್ 4ರಲ್ಲಿ ನನ್ನ ನಳಿಕೆ ಪ್ರತಿ ಸಲವೂ ತಟ್ಟೆಯ ನೆತ್ತಿಯ ಮೇಲಿರುತ್ತಿತ್ತು. ಅದೇ ಪಿಸ್ತೂಲಿಗೆ 1911 ಎಂಬ ಹಳೆಯ ಪಿಸ್ತೂಲಿನ ಮಾದರಿಯ ಹಿಡಿಯಿರುವ 22/45 ಲೈಟ್‌ನಲ್ಲಿ ಅದು ತಟ್ಟೆಯ ನಡುವೆಯೇ ಬಂದು ನಿಂತಿತು. ಈ ಅಂತರವನ್ನು ಅಭ್ಯಾಸದಿಂದ ತಿದ್ದಿಕೊಳ್ಳಬಹುದು, ನಿಜ. ಆದರೆ ಅರ್ಧ ಸೆಕೆಂಡಿಗೊಂದು ತಟ್ಟೆ ಹೊಡೆಯುವ ಆಟದಲ್ಲಿ ಕೈ ತಾನಾಗಿ ಹೋಗುವ ಕಡೆಗೇ ನಳಿಕೆಯೂ ಹೋಗುವುದು ದೊಡ್ಡ ಅನುಕೂಲ.

ಮೂರನೆಯದು ಸ್ಮಿತ್ ಅಂಡ್ ವೆಸ್ಸನ್ ವಿಕ್ಟರಿ. ಅದರ ತೂಕ ಒಂದು ಕಿಲೋ ದಾಟುತ್ತದೆ. ಚಿಕ್ಕ ತಟ್ಟೆಗಳು ಸುಮಾರು 18 ಗಜ ದೂರದಲ್ಲಿ ನಿಂತಿರುವ ಪೆಂಡ್ಯುಲಮ್ ಸ್ಟೇಜಿಗೆ ಅದರ ನೆಮ್ಮದಿ ನನಗೆ ಬಹಳ ಹಿಡಿಸಿತು. ತೆಂಗಿನಕಾಯಿಗೆ ಉಸಿರು ಬಿಗಿಹಿಡಿದು ಒಂದೇ ಗುಂಡು ಹೊಡೆಯುವ ನನ್ನ ಹಳೆಯ ಅಭ್ಯಾಸಕ್ಕೆ ಆ ಭಾರ ಚೆನ್ನಾಗಿ ಹೊಂದುತ್ತಿತ್ತು. ಮಗಳು ಅದನ್ನು ನಾಲ್ಕು ಸಲ ಎತ್ತಿ ಕೆಳಗಿಟ್ಟಳು. ಸುಮಾರು 700 ಗ್ರಾಂ ತೂಗುವ 22/45 ಲೈಟ್ ಹಿಡಿದು ಸ್ಮೋಕ್ ಅಂಡ್ ಹೋಪ್ ಸ್ಟೇಜಿನ ದೊಡ್ಡ ತಟ್ಟೆಗಳ ಮೇಲೆ ಒಂದೇ ಲಯದಲ್ಲಿ ಸಾಗಿ ಬಂದು, “ಅಪ್ಪ, ಭಾರದ್ದು ಒಂದೇ ಕಡೆ ಗಟ್ಟಿಯಾಗಿ ನಿಲ್ಲುತ್ತದೆ, ಇದು ನಿಂತು ಕೂಡಲೇ ಹೊರಡುತ್ತದೆ” ಎಂದಳು. ಟೈಮರ್ ಹಿಡಿದು ನಾನೂ ಎರಡನ್ನೂ ಹೊಡೆದು ನೋಡಿದೆ. ಮೊದಲ ಗುಂಡಿನ ಸಮಯದಲ್ಲಿ ಹೆಚ್ಚಿನ ವ್ಯತ್ಯಾಸವಿರಲಿಲ್ಲ. ತಟ್ಟೆಯಿಂದ ತಟ್ಟೆಗೆ ಹೋಗುವಲ್ಲಿ ಹಗುರವಾದುದೇ ಗೆದ್ದಿತು. ಇಬ್ಬರಿಗೂ ಸೇರಿ ಒಂದೇ ಪಿಸ್ತೂಲು ಕೊಳ್ಳುವುದೆಂದೂ, ಅದು 22/45 ಲೈಟ್ ಎಂದೂ ಅಲ್ಲೇ ತೀರ್ಮಾನವಾಯಿತು.

ಗುರಿ ಹಿಡಿಯಲು ಗಾಜಿನಲ್ಲಿ ಕೆಂಪು ಚುಕ್ಕೆ ತೋರಿಸುವ ಸೈಟ್ ಬೇಕೆಂಬ ವಿಷಯದಲ್ಲಿ ನನಗೆ ಅನುಮಾನವಿರಲಿಲ್ಲ, ನಲವತ್ತೆಂಟರ ಕಣ್ಣಿಗೆ ಕಬ್ಬಿಣದ ಸೈಟ್ ಮಸುಕಾಗಿ ಕಾಣುತ್ತದೆ. ಚುಕ್ಕೆ ಹಾಕಿದ ಮೇಲೆ ಸ್ಪರ್ಧಿಸುವುದು ಓಪನ್ ವಿಭಾಗದಲ್ಲಿ. ಯೋಚಿಸಬೇಕಾದದ್ದು ಚುಕ್ಕೆಯ ಗಾತ್ರವನ್ನು ಕುರಿತು. ಚುಕ್ಕೆಯನ್ನು ಅಳೆಯುವುದು ಎಂಒಎ ಎಂಬ ಕೋನದ ಅಳತೆಯಲ್ಲಿ, ಒಂದು ಎಂಒಎ ಎಂದರೆ ನೂರು ಗಜದಲ್ಲಿ ಸುಮಾರು ಒಂದಿಂಚು. 3 ಎಂಒಎ ಚುಕ್ಕೆ ಹೆಚ್ಚು ಕರಾರುವಾಕ್ಕೆಂದು ಅಂಗಡಿಯಲ್ಲಿ ಹೇಳುತ್ತಾರೆ. ಆದರೆ 6 ಎಂಒಎ ಚುಕ್ಕೆಯೂ 18 ಗಜದಲ್ಲಿ ಒಂದಿಂಚಿಗಿಂತ ತುಸು ಹೆಚ್ಚು ಜಾಗವನ್ನಷ್ಟೇ ಮುಚ್ಚುತ್ತದೆ. ತಟ್ಟೆ ಹತ್ತಿಂಚು ಅಗಲವಿರುವಾಗ ಅದರಿಂದ ಕಳೆದುಕೊಳ್ಳುವುದೇನಿಲ್ಲ, ಬಿಳಿಯ ಮೇಲೆ ಬಿಸಿಲು ಹೊಡೆಯುವ ಹೊತ್ತಿನಲ್ಲಿ ಕಣ್ಣಿಗೆ ಬೇಗ ಸಿಗುವುದು ದೊಡ್ಡ ಚುಕ್ಕೆಯೇ. ಅದನ್ನೇ ತೆಗೆದುಕೊಂಡೆ. ಹೊಸ ಟ್ರಿಗರ್, ನಳಿಕೆಯ ತುದಿಗೆ ಒದೆತ ತಗ್ಗಿಸುವ ಕಾಂಪೆನ್ಸೇಟರ್ ಎಂದು ಬಹಳ ಜನ ಸಲಹೆ ಕೊಟ್ಟರು. ಟ್ರಿಗರ್ ಮುಂದೆ ಹಾಕಿಸಬಹುದು. ಇಷ್ಟು ಕಡಿಮೆ ಒದೆಯುವ ತೋಟಾಕ್ಕೆ ಕಾಂಪೆನ್ಸೇಟರ್ ಮೊದಲ ಖರ್ಚಾಗಬಾರದೆಂಬುದು ನನ್ನ ಅಭಿಪ್ರಾಯ. ಆ ಹಣಕ್ಕೆ ತೋಟಾ ತುಂಬಿ ಹಿಡಿಯೊಳಗೆ ಕೂರಿಸುವ ಮ್ಯಾಗಜಿನ್‌ಗಳನ್ನು ಕೊಂಡೆ. ಐದು ಸಲಕ್ಕೆ ಐದು, ಮೇಲೆ ಎರಡು. ಒಂದೊಂದರಲ್ಲಿ ಹತ್ತು ತೋಟಾ. ಐದು ತಟ್ಟೆಗಾದರೆ ಐದು ತಪ್ಪಿಗೆ. ಮಗಳು ಉಗುರುಬಣ್ಣದಲ್ಲಿ ಪ್ರತಿಯೊಂದರ ತಳದ ಮೇಲೂ ಒಂದರಿಂದ ಏಳರವರೆಗೆ ಅಂಕಿ ಬರೆದಳು. ಪಿಸ್ತೂಲು ಎಲ್ಲಾದರೂ ತೊಡರಿದರೆ ಯಾವ ಮ್ಯಾಗಜಿನ್ ಎಂದು ಗೊತ್ತಾಗಬೇಕು.

ಉಳಿದದ್ದು ತೋಟಾ. ಆರು ಬಗೆಯ ಡಬ್ಬಿಗಳನ್ನು ತಂದು, ಎರಡು ವಾರಾಂತ್ಯಗಳಲ್ಲಿ ಒಂದೊಂದರಿಂದ ನೂರು ನೂರು ಹೊಡೆದು, ಹಾರದವು, ಸಿಕ್ಕಿಕೊಂಡವು, ಖಾಲಿ ಚಿಪ್ಪು ಹೊರಬೀಳದವು ಎಂದು ಬೇರೆ ಬೇರೆ ಗೀಟುಗಳಲ್ಲಿ ನೋಟ್‌ಬುಕ್ಕಿನಲ್ಲಿ ಗುರುತಿಸಿದೆ. ಮೂರು ಬಗೆಗಳ ಮುಂದೆ ಗೀಟುಗಳು ಬಿದ್ದವು. 40 ಗ್ರೇನ್ ತೂಕದ ಗುಂಡಿರುವ, ಸಿಸಿಐ ಕಂಪನಿಯ ಮಿನಿ-ಮ್ಯಾಗ್ ಮುಂದೆ ಒಂದೂ ಬೀಳಲಿಲ್ಲ. ಅದೇ ಕಂಪನಿಯ ಸ್ಟ್ಯಾಂಡರ್ಡ್ ವೆಲಾಸಿಟಿ ಇನ್ನೂ ಮೆತ್ತಗಿತ್ತು, ಅದಕ್ಕೂ ಗೀಟಿರಲಿಲ್ಲ. ಮಿನಿ-ಮ್ಯಾಗ್ ಸೆಕೆಂಡಿಗೆ 1235 ಅಡಿ ವೇಗದ್ದಾದ್ದರಿಂದ, ಪಿಸ್ತೂಲಿನಲ್ಲಿ ಮಸಿ ಕಟ್ಟಿದ ಮೇಲೂ ಬೋಲ್ಟನ್ನು ಪೂರ್ತಿ ಹಿಂದಕ್ಕೆ ತಳ್ಳುವ ಬಲ ಅದಕ್ಕಿದೆಯೆಂದು ಸ್ಪರ್ಧೆಗೆ ಅದನ್ನಿಟ್ಟುಕೊಂಡು, ಇನ್ನೊಂದನ್ನು ಅಭ್ಯಾಸಕ್ಕೆ ಬಿಟ್ಟೆ. ನನ್ನ ಪಿಸ್ತೂಲಿಗೆ ಒಗ್ಗಿದ್ದು ಪಕ್ಕದವರ ಪಿಸ್ತೂಲಿಗೂ ಒಗ್ಗಬೇಕೆಂದಿಲ್ಲ. ಈ ನೂರರ ಲೆಕ್ಕವನ್ನು ಪ್ರತಿಯೊಬ್ಬರೂ ತಮ್ಮದರಲ್ಲೇ ಮಾಡಿ ನೋಡಬೇಕು.

ಮುಂದಿನ ತಿಂಗಳು ಎಂಟೂ ಸ್ಟೇಜುಗಳ ಸ್ಪರ್ಧೆಯಿತ್ತು. ಎಂಟರಲ್ಲಿ ಸೇರಿ ಒಬ್ಬೊಬ್ಬರಿಗೆ 39 ಸರದಿ. ‘ಮೇಕ್ ರೆಡಿ’ ಎಂದಾಗ ಒಂದನೆಯ ಅಂಕಿಯ ಮ್ಯಾಗಜಿನ್ ಕೂರಿಸಿ ಚುಕ್ಕೆ ಹೊತ್ತಿಸಿದೆ. ಪೆಂಡ್ಯುಲಮ್‌ನಲ್ಲಿ ನನ್ನವು ಎರಡು ಗುಂಡು ತಟ್ಟೆಯ ಎಡಕ್ಕೆ ಹೋದವು, ಮಗಳ ಒಂದು ಔಟರ್ ಲಿಮಿಟ್ಸ್‌ನ 35 ಗಜದ ತಟ್ಟೆಯ ಕೆಳಗೆ ಮಣ್ಣೆಬ್ಬಿಸಿತು. ಅವೆಲ್ಲ ಕೈಯ ತಪ್ಪುಗಳಾದ್ದರಿಂದ ಅಭ್ಯಾಸದಲ್ಲಿ ತಿದ್ದಿಕೊಳ್ಳುವಂಥವು. ಮೂರನೆಯ ಸ್ಟೇಜಿನ ಹೊತ್ತಿಗೆ ನಾನು ಕ್ಲಿಕ್ ಸದ್ದಿಗಾಗಿ ಕಾಯುವುದನ್ನು ಬಿಟ್ಟು ತಟ್ಟೆಗಳನ್ನು ಮಾತ್ರ ನೋಡುತ್ತಿದ್ದೆ.

ರಾತ್ರಿ ವಿರಾಜಪೇಟೆಗೆ ಫೋನ್ ಮಾಡಿದಾಗ ಅಲ್ಲಿ ಬೆಳಗಾಗಿತ್ತು. ಎಷ್ಟನೆಯ ಸ್ಥಾನ ಬಂತೆಂದು ಅಪ್ಪ ಕೇಳಲಿಲ್ಲ.

“ಹಾರದ್ದು ಎಷ್ಟು ಮಗಾ?”

“ಒಂದೂ ಇಲ್ಲಪ್ಪ.”

“ಸರಿ. ಈಗ ಮಗಳಿಗೆ ಫೋನ್ ಕೊಡು” ಎಂದರು.