ಕೆಟ್ಟಿಲ್ಲ, ಆದರೆ ಬಾಕಿ ಇದೆ

ಹಳೇ ಕಾರು ಕೊಳ್ಳುವವರ ಪರವಾಗಿ ಹೋಗಿ ಗಾಡಿ ನೋಡಿ ಹೇಳುವುದು ನನ್ನ ಕೆಲಸ. ಅದಕ್ಕೂ ಮೊದಲು ಬೆಂಗಳೂರಿನ ವಿಲ್ಸನ್ ಗಾರ್ಡನ್‌ನ ಒಂದು ಗ್ಯಾರೇಜಿನಲ್ಲಿ ಎಂಟು ವರ್ಷ ಸ್ಪ್ಯಾನರ್ ಹಿಡಿದಿದ್ದೆ. ಬೆನ್ನು ನೋವು ಶುರುವಾದ ಮೇಲೆ, ಗಾಡಿಯ ಕಂಪ್ಯೂಟರಿನಲ್ಲಿ ದಾಖಲಾದ ದೋಷ ಓದುವ ಸ್ಕ್ಯಾನರ್ ಹಿಡಿದೆ. ನೋಡುವುದೆಲ್ಲ ಹೆಚ್ಚಾಗಿ ಸ್ವಿಫ್ಟ್, ಐ20, ಕ್ರೆಟಾ. ಸ್ಪೋರ್ಟ್ಸ್ ಕಾರು ಸಿಗುವುದು ವರ್ಷಕ್ಕೆ ನಾಲ್ಕೈದು ಸಲ. ಸಿಕ್ಕಿದ ದಿನ, ಸುಳ್ಳೇಕೆ, ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಹೋಗುತ್ತೇನೆ.

2021ರಲ್ಲಿ ಅಂಥದ್ದೊಂದು ಸಿಕ್ಕಿತು. ಜರ್ಮನ್ ಕೂಪೆ, ಅಂದರೆ ಎರಡು ಬಾಗಿಲಿನ ಗಾಡಿ, ಟರ್ಬೊ ಪೆಟ್ರೋಲ್, 2012ರ ಮಾಡೆಲ್. ಓಡಿದ್ದು ಬರೀ 41,000 ಕಿಲೋಮೀಟರ್. ಕೋರಮಂಗಲದ ಅಪಾರ್ಟ್‌ಮೆಂಟೊಂದರ ಬೇಸ್‌ಮೆಂಟಿನಲ್ಲಿ ಕವರ್ ಹೊದ್ದು ನಿಂತಿತ್ತು. ಕೊಳ್ಳುವವನು ದಾವಣಗೆರೆಯ ಹುಡುಗ, ವೈಟ್‌ಫೀಲ್ಡಿನಲ್ಲಿ ಕೆಲಸ. "ಕಾಲೇಜಿಂದ ಇದೊಂದೇ ಆಸೆ ಅಣ್ಣ" ಅಂದ. ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಕೂರಬಾರದಿತ್ತು.

ನೋಡಬೇಕಾದ್ದನ್ನೆಲ್ಲ ನೋಡಿದೆ. ಬಾನೆಟ್ ತಣ್ಣಗಿದೆಯಾ ಎಂದು ಮೊದಲು ಕೈ ಇಟ್ಟೆ. ನಾವು ಹೋಗುವ ಮೊದಲೇ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿದ್ದರೆ ಅರ್ಧ ರೋಗ ಮುಚ್ಚಿಹೋಗುತ್ತದೆ. ಸೀಟ್ ಬೆಲ್ಟನ್ನು ಕೊನೆಯ ತನಕ ಎಳೆದೆ. ನೀರಲ್ಲಿ ಮುಳುಗಿದ ಗಾಡಿಯಾದರೆ ಒಳಗಿನ ಪಟ್ಟಿಯ ಮೇಲೆ ಕೆಸರಿನ ಗೆರೆ ಉಳಿದಿರುತ್ತದೆ. (ಮರುವರ್ಷ ಸೆಪ್ಟೆಂಬರ್ ಮಳೆಗೆ ಯಮಲೂರು, ಬೆಳ್ಳಂದೂರಿನ ಕಡೆ ಎಷ್ಟೋ ದುಬಾರಿ ಕಾರುಗಳು ಮುಳುಗಿದವು. ಅಲ್ಲಿಂದೀಚೆಗೆ ನಾನು ಕಾರ್ಪೆಟ್ ಎತ್ತದೆ ಯಾವ ಗಾಡಿಯನ್ನೂ ಬಿಡುವುದಿಲ್ಲ.) ಹೊಟ್ಟೆಯಡಿ ಹಂಪ್ ಉಜ್ಜಿದ ಗೀರುಗಳಿದ್ದವು. ಈ ಊರಲ್ಲಿ ಅಷ್ಟು ತಗ್ಗಿನ ಗಾಡಿಗೆ ಗೀರಿಲ್ಲದಿದ್ದರೇ ಅನುಮಾನ ಪಡಬೇಕು, ಅಲ್ವಾ? ಆಮೇಲೆ ಟೆಸ್ಟ್ ಡ್ರೈವ್. ಬೆಳಗಿನ ಹೊತ್ತು ಖಾಲಿ ನೈಸ್ ರಸ್ತೆಯಲ್ಲಿ ಓಡಿಸಿದರೆ ಎಲ್ಲ ಡ್ಯುಯಲ್ ಕ್ಲಚ್ (ಎರಡು ಕ್ಲಚ್ಚಿನ ಆಟೋಮ್ಯಾಟಿಕ್) ಗೇರ್‌ಬಾಕ್ಸೂ ಚಿನ್ನವೇ. ಸಂಜೆ ಆರಕ್ಕೆ ಕೋರಮಂಗಲದ ಸೋನಿ ವರ್ಲ್ಡ್ ಸಿಗ್ನಲಿನ ಜಾಮಿನಲ್ಲಿ ಒಂದನೇ ಗೇರು, ಎರಡನೇ ಗೇರಿನಲ್ಲಿ ತೆವಳಿಸಬೇಕು. ನಡುಕ ಇದ್ದರೆ ಅಲ್ಲಿ ಬಯಲಾಗುತ್ತದೆ. ಇದಕ್ಕೆ ನಡುಕವೂ ಇರಲಿಲ್ಲ. ಸ್ಕ್ಯಾನರಿನಲ್ಲಿ ಒಂದು ಎರರ್ ಕೂಡ ಇಲ್ಲ.

ಟೈರಿನ ಪಕ್ಕದಲ್ಲಿ ಮಾತ್ರ 1812 ಎಂದಿತ್ತು. ಅಂದರೆ 2012ರ 18ನೇ ವಾರ ತಯಾರಾದದ್ದು. ನಾಲ್ಕೂ ಗಾಡಿಯ ಜೊತೆಗೇ ಬಂದ ಟೈರುಗಳು. ಟ್ರೆಡ್ಡಿನ ಕಚ್ಚು ಇನ್ನೂ ಉಳಿದಿತ್ತು, ರಬ್ಬರ್ ಮಾತ್ರ ಕಲ್ಲಾಗಿತ್ತು.

ರಿಪೋರ್ಟಿನಲ್ಲಿ "ಟೈರ್ ಬದಲಾಯಿಸಿ" ಎಂದು ಬರೆದೆ. ಉಳಿದ ಎಲ್ಲದರ ಮುಂದೆ "ಸರಿ ಇದೆ" ಎಂದು ಟಿಕ್ ಹಾಕಿದೆ. ಹುಡುಗ ಹದಿನೈದೂವರೆ ಲಕ್ಷಕ್ಕೆ ತೆಗೆದುಕೊಂಡ.

ಐದು ವಾರ ಆದಮೇಲೆ ಫೋನ್ ಬಂತು. "ಅಣ್ಣ, ಗಾಡಿ ಕೆಳಗೆ ಗುಲಾಬಿ ಬಣ್ಣದ ಹನಿ ಬೀಳ್ತಿದೆ." ಕೂಲೆಂಟ್, ಎಂಜಿನ್ ತಣ್ಣಗಿಡುವ ದ್ರವ. ಗೆಳೆಯನೊಬ್ಬನ ಗ್ಯಾರೇಜಿಗೆ ತರಿಸಿ ಬಿಚ್ಚಿಸಿದೆವು. ವಾಟರ್ ಪಂಪಿನ ಸೀಲ್ ಹೋಗಿತ್ತು. ಆ ಎಂಜಿನ್ನಿನಲ್ಲಿ ಪಂಪ್ ತಿರುಗುವುದು ಟೈಮಿಂಗ್ ಬೆಲ್ಟಿನಿಂದಲೇ, ಅಂದರೆ ವಾಲ್ವು-ಪಿಸ್ಟನ್‌ಗಳ ತಾಳ ತಪ್ಪದಂತೆ ಹಿಡಿದಿಡುವ ರಬ್ಬರ್ ಪಟ್ಟಿಯಿಂದ. ಗೆಳೆಯ ಬೆಲ್ಟನ್ನು ಹೊರತೆಗೆದು ಹಿಂದಕ್ಕೆ ಮಡಚಿ ತೋರಿಸಿದ. ಉದ್ದಕ್ಕೂ ಕೂದಲೆಳೆಯಂಥ ಬಿರುಕುಗಳು. ಅದು ತುಂಡಾದರೆ ವಾಲ್ವುಗಳು ತೆರೆದಲ್ಲೇ ನಿಲ್ಲುತ್ತವೆ, ಪಿಸ್ಟನ್ ಮೇಲೆ ಬಂದು ಹೊಡೆಯುತ್ತದೆ. ಆಮೇಲೆ ಎಂಜಿನ್ ಹೆಡ್ಡನ್ನೇ ಇಳಿಸಬೇಕು. ಏನೂ ಹೇಳದೆ ಬೆಲ್ಟನ್ನು ನನ್ನ ಕೈಗೆ ಕೊಟ್ಟು ಚಹಾ ಹೇಳಲು ಹೋದ.

ಕಿಲೋಮೀಟರ್ ಲೆಕ್ಕದಲ್ಲಿ ಆ ಬೆಲ್ಟಿಗೆ ಇನ್ನೂ ಬೇಕಾದಷ್ಟು ಆಯಸ್ಸಿತ್ತು. ಆದರೆ ರಬ್ಬರಿಗೆ ಕಿಲೋಮೀಟರ್ ಗೊತ್ತಿಲ್ಲ, ವರ್ಷ ಗೊತ್ತು. ಗಾಡಿ ನಿಂತಿದ್ದರೂ ಅದಕ್ಕೆ ವಯಸ್ಸಾಗುತ್ತದೆ. ಬ್ರೇಕ್ ಆಯಿಲ್ ಕೂಡ ಹಾಗೇ, ಸುಮ್ನೆ ಕೂತಲ್ಲೇ ಗಾಳಿಯ ತೇವ ಹೀರುತ್ತದೆ. ಅದಕ್ಕೇ ಎರಡು ವರ್ಷಕ್ಕೊಮ್ಮೆ ಬದಲಾಯಿಸಿ ಎನ್ನುವುದು. ತೇವ ಅಳೆಯುವ ಟೆಸ್ಟರ್ ಅದ್ದಿ ನೋಡಿದರೆ ಇವನ ಗಾಡಿಯದ್ದು ಕೆಂಪು ದೀಪ. ಬೆಲ್ಟ್, ಅದನ್ನು ಬಿಗಿಯಾಗಿಡುವ ಟೆನ್ಷನರ್, ಪಂಪ್, ಎಲ್ಲ ಆಯಿಲ್, ಎಂಜಿನ್ ಮೌಂಟ್, ನಾಲ್ಕು ಟೈರು ಸೇರಿ 2,70,000 ರೂಪಾಯಿ ಆಯಿತು.

ಹುಡುಗ ಕೂಗಾಡಿದ್ದರೆ ಚೆನ್ನಾಗಿತ್ತು. ಮೆಲ್ಲಗೆ ಕೇಳಿದ: "ಅಣ್ಣ, ಟೈರಿನ ವರ್ಷ ನೋಡ್ದಾಗ ನಿಮಗೇನೂ ಅನ್ನಿಸ್ಲಿಲ್ವಾ?"

ಅನ್ನಿಸಿತ್ತು. ಒಂಬತ್ತು ವರ್ಷ ಟೈರನ್ನೇ ಮುಟ್ಟದ ಓನರ್ ಬೆಲ್ಟ್ ಮುಟ್ಟಿರುತ್ತಾನಾ? ಗ್ಯಾರೇಜಿನಲ್ಲಿದ್ದಾಗ ಐದಾರು ವರ್ಷಕ್ಕೆ ಬೆಲ್ಟ್ ತೆಗೆಸಿ ಎಂದು ನಾನೇ ಎಷ್ಟು ಜನಕ್ಕೆ ಹೇಳಿದ್ದೆ. ಆದರೆ ಹುಡುಗನ ಮುಖ ಅರಳಿತ್ತು. ಹಾಳೆಯಲ್ಲೂ ಅದಕ್ಕೆ ಜಾಗ ಇರಲಿಲ್ಲ. "ಕೆಟ್ಟಿದೆ", "ಸರಿ ಇದೆ", ಎರಡೇ ಕಾಲಂ. ಆ ಬೆಲ್ಟ್ ಕೆಟ್ಟಿರಲಿಲ್ಲವಲ್ಲ. ಆ ಸಲದ ಫೀಸು ವಾಪಸ್ ಕೊಟ್ಟೆ. ಅವನ ಖರ್ಚಿನ ಮುಂದೆ ಅದು ಟೀ ಕಾಸು.

ಅವತ್ತೇ ರಾತ್ರಿ "ಬಾಕಿ" ಅಂತ ಮೂರನೇ ಕಾಲಂ ಹಾಕಿದೆ. ಕಾಲಕ್ಕೆ ಮಾಡಿಸಬೇಕಿದ್ದ ಒಂದೊಂದು ಕೆಲಸಕ್ಕೂ ಬಿಲ್ಲು ಇದೆಯಾ, ಎಂದಿನದು, ಇಲ್ಲದಿದ್ದರೆ ಇವತ್ತಿನ ರೇಟಿನಲ್ಲಿ ಎಷ್ಟಾಗುತ್ತದೆ. ರೇಟನ್ನು ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗೆ ಫೋನ್ ಮಾಡಿ ಕೇಳಿಯೇ ಬರೆಯುತ್ತೇನೆ, ಅಂದಾಜಿಲ್ಲ. "ಶೋರೂಂನಲ್ಲೇ ಸರ್ವೀಸ್ ಆಗಿದೆ ಸರ್" ಎನ್ನುವ ಮಾತಿಗೆ ಅಲ್ಲಿ ಜಾಗವಿಲ್ಲ. ಬೇರೆ ರಾಜ್ಯದ ನಂಬರ್ ಇದ್ದರೆ ಇಲ್ಲಿ ಕಟ್ಟಬೇಕಾದ ಆಜೀವ ತೆರಿಗೆಯನ್ನೂ ಅದೇ ಕಾಲಂಗೆ ಸೇರಿಸುತ್ತೇನೆ. ಅಗ್ಗದ ದೆಹಲಿ ಗಾಡಿ ಎಷ್ಟು ಅಗ್ಗ ಎಂದು ಆಗ ಕಾಣುತ್ತದೆ. ಒಟ್ಟು ಮೊತ್ತವನ್ನು ಹಾಳೆಯ ಮೇಲ್ತುದಿಯಲ್ಲೇ ಬರೆಯುತ್ತೇನೆ. ಕೊಳ್ಳುವವರು ಗಾಡಿ ಬೇಡ ಎನ್ನುವುದು ಕಡಿಮೆ. ಅಷ್ಟನ್ನು ಬೆಲೆಯಲ್ಲಿ ಇಳಿಸಿ ಕೇಳುತ್ತಾರೆ.

ಬ್ರೋಕರ್‌ಗಳಿಗೆ ನನ್ನ ಕಂಡರೆ ಈಗ ಅಷ್ಟಕ್ಕಷ್ಟೆ. ಹೋದ ತಿಂಗಳು ಜಯನಗರದಲ್ಲಿ ಬೆಳ್ಳಿ ಬಣ್ಣದ ಎರಡು ಸೀಟಿನ ಗಾಡಿ ನೋಡಲು ಹೋಗಿದ್ದೆ. ಟಾಪ್ ತೆಗೆದು ನಿಲ್ಲಿಸಿದ್ದರು, ಕಣ್ಣಿಗೆ ಹಬ್ಬ. ನಾನು ಬಿಲ್ಲು ಕೇಳಿದೆ.

"ಏನ್ ಸಾರ್, ಗಾಡಿ ನೋಡಕ್ಕೆ ಬಂದ್ರಾ, ಐಟಿ ರೈಡಿಗೆ ಬಂದ್ರಾ?"

ನಗುತ್ತಾ ನಿಂತೆ. ಬ್ರೋಕರ್ ಗೊಣಗಿಕೊಂಡು ಓನರ್‌ಗೆ ಫೋನ್ ಮಾಡಿದ. ಮಹಡಿಯಿಂದ ಹಿರಿಯರೊಬ್ಬರು ದಪ್ಪ ಫೈಲೊಂದನ್ನು ಹಿಡಿದು ಇಳಿದು ಬಂದರು. ಪಂಚರ್ ಹಾಕಿಸಿದ ಚೀಟಿಯನ್ನೂ ಜೋಪಾನವಾಗಿ ಇಟ್ಟಿದ್ದರು. ಖುಷಿಯಾಯಿತು. ಒಂದೊಂದೇ ತಿರುವುತ್ತಾ ಹೋದೆ. ಟೈಮಿಂಗ್ ಬೆಲ್ಟಿನ ಬಿಲ್ಲೂ ಸಿಕ್ಕಿತು, 2016ರದು.

ಮೂರನೇ ಕಾಲಂನಲ್ಲಿ ಬರೆದುಕೊಂಡೆ.