ಎಂಟು ಗ್ರಾಂ ಪಾಲಿಮರಿಗೆ ಸುರಿದದ್ದೆಷ್ಟು?

ಕಾಗದದ ಮೇಲೆ ನೋಡಿದರೆ ಪಾಲಿಮರ್ ತಯಾರಿಕೆಯಲ್ಲಿ ವ್ಯರ್ಥವೆಂಬುದೇ ಕಾಣುವುದಿಲ್ಲ. ಮೀಥೈಲ್ ಮೆಥಾಕ್ರಿಲೇಟಿನ ಅಣುಗಳು ಒಂದಕ್ಕೊಂದು ಕೂಡಿ ಸರಪಳಿಯಾಗುವಾಗ ಒಂದು ಪರಮಾಣುವೂ ಹೊರಬೀಳದ ಕಾರಣ, ರಸಾಯನಶಾಸ್ತ್ರಜ್ಞ ಬ್ಯಾರಿ ಟ್ರಾಸ್ಟ್ 1991ರಲ್ಲಿ ಮುಂದಿಟ್ಟ ಪರಮಾಣು ಮಿತವ್ಯಯದ, ಅಂದರೆ ಬಳಸಿದ ಪರಮಾಣುಗಳಲ್ಲಿ ಎಷ್ಟು ಪಾಲು ಉತ್ಪನ್ನದಲ್ಲಿ ಉಳಿಯಿತು ಎಂಬ ಅಳತೆಯಲ್ಲಿ ಈ ಕ್ರಿಯೆಗೆ ನೂರಕ್ಕೆ ನೂರು ಅಂಕ. ಬೆಳಗಾವಿಯ ನಮ್ಮ ಪ್ರಯೋಗಾಲಯದಲ್ಲಿ ನಾನೂ ವಿದ್ಯಾರ್ಥಿಗಳಿಗೆ ಹಾಗೆಯೇ ಹೇಳುತ್ತ ಬಂದಿದ್ದೆ. ಆದರೆ ಬಳಸಿದ ದ್ರಾವಕದ ಕ್ಯಾನುಗಳು ಮೂಲೆಯಲ್ಲಿ ಸಾಲುಗಟ್ಟಿದ್ದನ್ನು ಕಂಡಮೇಲೆ, ಒಂದು ಪ್ರಯೋಗಕ್ಕೆ ಸುರಿಯುವುದೆಲ್ಲವನ್ನೂ ತೂಗಿ ಬರೆದಿಡೋಣವೆಂದು ಹೊರಟೆವು.

10 ಗ್ರಾಂ ಮಾನೋಮರ್, ಅಂದರೆ ಸರಪಳಿಯಾಗಬೇಕಾದ ಮೀಥೈಲ್ ಮೆಥಾಕ್ರಿಲೇಟ್; ದ್ರಾವಕವಾಗಿ 17 ಗ್ರಾಂ ಟಾಲ್ವೀನ್. ಕ್ರಿಯೆ ಮುಗಿದ ಬಳಿಕ ತೆಳುವಾಗಿಸಲು ಇನ್ನೊಂದು ದ್ರಾವಕ, 27 ಗ್ರಾಂ ಟಿಎಚ್‌ಎಫ್. ಆ ಅಂಟಾದ ದ್ರಾವಣವನ್ನು ಅರ್ಧ ಲೀಟರ್ (ಸುಮಾರು 395 ಗ್ರಾಂ) ಮೆಥನಾಲಿಗೆ ಹನಿಹನಿಯಾಗಿ ಬಿಟ್ಟಾಗ, ಅದರಲ್ಲಿ ಕರಗದ ಪಾಲಿಮರ್ ಬಿಳಿ ಶಾವಿಗೆಯಂತೆ ಎಳೆಯೆಳೆಯಾಗಿ ತಳಕ್ಕಿಳಿಯುತ್ತದೆ. ಶುದ್ಧಿಗಾಗಿ ಅದನ್ನು ಮತ್ತೆ 44 ಗ್ರಾಂ ಟಿಎಚ್‌ಎಫ್‌ನಲ್ಲಿ ಕರಗಿಸಿ, ಮತ್ತೆ ಅರ್ಧ ಲೀಟರ್ ಮೆಥನಾಲಿಗೆ ಬಿಡುತ್ತಿದ್ದೆವು. ಒಟ್ಟು ಸುರಿದದ್ದು ಸುಮಾರು 888 ಗ್ರಾಂ, ಕೈಗೆ ಬಂದದ್ದು 8 ಗ್ರಾಂ. ರೋಜರ್ ಶೆಲ್ಡನ್ 1992ರಲ್ಲಿ ಪರಿಚಯಿಸಿದ ಇ-ಫ್ಯಾಕ್ಟರ್, ಅಂದರೆ ಒಂದು ಗ್ರಾಂ ಉತ್ಪನ್ನಕ್ಕೆ ಎಷ್ಟು ಗ್ರಾಂ ತ್ಯಾಜ್ಯ ಎಂಬ ಲೆಕ್ಕ, ಇಲ್ಲಿ 110ಕ್ಕೆ ಬಂದು ನಿಂತಿತು. ಹಾನಿ ಇರುವುದು ಕ್ರಿಯೆಯಲ್ಲಲ್ಲ, ತೊಳೆಯುವುದರಲ್ಲಿ ಎಂಬುದು ಅಂದು ಮನದಟ್ಟಾಯಿತು.

ಮೂಲ ಇ-ಫ್ಯಾಕ್ಟರ್ ನೀರನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ರಕ್ಕಸಕೊಪ್ಪ ಜಲಾಶಯದ ಮಟ್ಟ ಇಳಿದಂತೆ ನಲ್ಲಿಯ ಸರದಿ ಕಾಯುವ ಈ ಊರಿನಲ್ಲಿ ಅದನ್ನು ಒಪ್ಪಿಕೊಳ್ಳಲು ನನಗೆ ಮನಸ್ಸಾಗಲಿಲ್ಲ. ಕುದಿಯುವ ದ್ರಾವಕದ ಆವಿಯನ್ನು ತಂಪಾಗಿಸುವ ಕಂಡೆನ್ಸರಿನಿಂದ ಹೊರಬರುವ ನೀರಿಗೆ ಹದಿನೈದು ಲೀಟರಿನ ಕೊಡ ಹಿಡಿದು ನೋಡಿದೆವು: ಹನ್ನೆರಡು ನಿಮಿಷಕ್ಕೆ ಒಂದು ಕೊಡ ತುಂಬಿತು. ಆರು ಗಂಟೆಯ ಪ್ರಯೋಗಕ್ಕೆ ಮೂವತ್ತು ಕೊಡ, ಅಂದರೆ 450 ಲೀಟರ್ ಶುದ್ಧ ನೀರು ನೇರವಾಗಿ ಚರಂಡಿಗೆ ಹೋಗುತ್ತಿತ್ತು. ಈಗ ಏರ್ ಕೂಲರಿನ ಚಿಕ್ಕ ಪಂಪನ್ನು ಬಕೆಟ್ಟಿನಲ್ಲಿ ಮುಳುಗಿಸಿ ಅದೇ ನೀರನ್ನು ತಿರುಗಿಸುತ್ತೇವೆ. ಬಿಸಿಯಾದಾಗ ಒಂದಿಷ್ಟು ಮಂಜುಗಡ್ಡೆ ಹಾಕಿದರೆ ಸಾಕಾಗುತ್ತದೆ.

ದ್ರಾವಕವನ್ನೇ ಕೈಬಿಡಲು ಸಸ್ಪೆನ್ಷನ್ ವಿಧಾನಕ್ಕೆ ಬಂದೆವು. ಹನಿಗಳು ಒಂದಕ್ಕೊಂದು ಅಂಟದಂತೆ ತಡೆಯುವ ಪಾಲಿವಿನೈಲ್ ಆಲ್ಕೋಹಾಲನ್ನು ಸ್ವಲ್ಪ ಕರಗಿಸಿದ ನೀರಿನಲ್ಲಿ ಮಾನೋಮರನ್ನು ಜೋರಾಗಿ ಕಲಕುತ್ತ ಬಿಸಿಮಾಡಿದರೆ, ಅದರ ಹನಿಗಳು ಗಸಗಸೆಯಂಥ ಮಣಿಗಳಾಗಿ ಗಟ್ಟಿಯಾಗುತ್ತವೆ. ಸೋಸಿ ತೊಳೆದರಾಯಿತು, ಮೆಥನಾಲ್ ಬೇಕಿಲ್ಲ. ಇ-ಫ್ಯಾಕ್ಟರ್ ಒಂದಕ್ಕಿಂತ ಕೆಳಗಿಳಿಯಿತು. ಆದರೆ ಕ್ರಿಯೆಗೂ ತೊಳೆಯಲೂ ಸುಮಾರು 400 ಗ್ರಾಂ ನೀರು ಹಿಡಿದು 9 ಗ್ರಾಂ ಮಣಿ ಸಿಕ್ಕಾಗ, ನೀರು ಸೇರಿಸಿದರೆ ಅದೇ ಸಂಖ್ಯೆ 45ರ ಆಸುಪಾಸಿಗೆ ಏರುತ್ತದೆ. ಆದ್ದರಿಂದ ನೋಟ್‌ಬುಕ್ಕಿನಲ್ಲಿ ಈಗ ಎರಡೂ ಸಂಖ್ಯೆಗಳನ್ನು ಪಕ್ಕಪಕ್ಕದಲ್ಲಿ ಬರೆಸುತ್ತೇನೆ.

ಸರಪಳಿಗಳ ಉದ್ದ ಒಂದೇ ಸಮನಾಗಿರಬೇಕಾದ ಕೆಲಸಕ್ಕೆ ಈ ಮಣಿಗಳು ಒದಗುವುದಿಲ್ಲ. ಅಲ್ಲಿ ಇಂದಿಗೂ ಮೆಥನಾಲೇ ಗತಿ. ಕ್ರಿಯೆಯನ್ನು ಇನ್ನಷ್ಟು ಹೊತ್ತು ನಡೆಸಿ, ಉಳಿಯುವ ಮಾನೋಮರ್ ಕಡಿಮೆಯಾದರೆ ಒಂದೇ ಸಲ ಮೆಥನಾಲಿಗೆ ಬಿಟ್ಟು ಮುಗಿಸಬಹುದೇ ಎಂಬುದನ್ನು ಈ ತಿಂಗಳು ಪರೀಕ್ಷಿಸುತ್ತಿದ್ದೇವೆ. ಪಾಲಿಮರನ್ನು ಒಣಗಿಸುವ ವ್ಯಾಕ್ಯೂಮ್ ಓವನ್ ರಾತ್ರಿಯಿಡೀ ತಿನ್ನುವ ವಿದ್ಯುತ್ತನ್ನು ಅಳೆಯಲು ಅದರ ಪ್ಲಗ್ಗಿಗೆ ಮೀಟರನ್ನೂ ಜೋಡಿಸಿದ್ದೇವೆ.