ಚೋಶಿಯ ಪುಟ್ಟ ರೈಲು

ಇವತ್ತು ಜಪಾನಿನ ಚೋಶಿಯಲ್ಲಿ ಖಾಸಗಿ ಕಂಪನಿಯ ಪುಟ್ಟ ರೈಲು ಹತ್ತಿದೆ. ತೊಕಾವಾವರೆಗೆ ಬರೀ 6.4 ಕಿಲೋಮೀಟರ್, ಪಕ್ಕದಲ್ಲಿ ಎಲೆಕೋಸಿನ ಹೊಲ.

ಇಳಿದು ನುರೆ ಸೆಂಬೆ ಕೊಂಡೆ. ಸುಟ್ಟ ಅಕ್ಕಿಬಿಲ್ಲೆಯನ್ನು ಬಿಸಿಯಿರುವಾಗಲೇ ಸೋಯಾ ಸಾಸಿನಲ್ಲಿ ಅದ್ದಿರುತ್ತಾರೆ. ಕುರುಕುರು ಇಲ್ಲ. ಮೆತ್ತಗೆ, ಉಪ್ಪುಪ್ಪಾಗಿ, ಬೆರಳಿಗೆಲ್ಲ ಅಂಟುತ್ತದೆ.

ಈ ಸೆಂಬೆ ಮಾರುವುದೂ ರೈಲು ಕಂಪನಿಯೇ. 2006ರಲ್ಲಿ ಕಂಪನಿಯವರ ಬಳಿ ರೈಲಿನ ತಪಾಸಣೆ, ದುರಸ್ತಿಗೂ ದುಡ್ಡಿರಲಿಲ್ಲ. ರೈಲು ರಿಪೇರಿಗೆ ಹಣ ಬೇಕು, ದಯವಿಟ್ಟು ಸೆಂಬೆ ಕೊಳ್ಳಿ ಎಂದು ಜಾಲತಾಣದಲ್ಲಿ ನೇರವಾಗಿ ಕೇಳಿಕೊಂಡರು. ಆರ್ಡರುಗಳು ಸುರಿದವು. ರೈಲು ಉಳಿಯಿತು!

ಬಾಗಿಲು ಮುಚ್ಚುವುದು ಸುಲಭವಿತ್ತು. ಸಂಕೋಚ ಬಿಟ್ಟು ಕೇಳಿದರಲ್ಲ, ಅದು ನನಗೆ ಬಹಳ ಹಿಡಿಸಿತು. ಕೊಂಡವರಲ್ಲಿ ಎಷ್ಟೋ ಜನ ಈ ಊರಿಗೆ ಕಾಲೇ ಇಟ್ಟಿರಲಿಕ್ಕಿಲ್ಲ. ಈಗಲೂ ಕಂಪನಿಗೆ ಟಿಕೆಟಿಗಿಂತ ತಿಂಡಿಯಿಂದಲೇ ಹೆಚ್ಚು ವರಮಾನ.